ಸುಂಟಿಕೊಪ್ಪದ ಹತ್ರ ಇದ್ದೇನೆ. ಟೈಲ್ಸ್ ಕೆಲಸ ಕಲೀಲಾ, ಪೇಂಟಿಂಗಾ?

ಲೈನ್‌ಮನೆ ಹುಡುಗ:

ಎಲ್ಲರಿಗೂ ನಮಸ್ಕಾರ. ನನಗೆ 21 ವರ್ಷ. ಪಿಯುಸಿ ಆದ್ಮೇಲೆ ಕುಶಾಲನಗರದಲ್ಲಿ ಒಂದು ಮೊಬೈಲ್ ಅಂಗಡೀಲಿ ಎರಡು ವರ್ಷ ಇದ್ದೆ, ಈಗ ಬಿಟ್ಟಿದ್ದೇನೆ. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದ ಕೆಲಸ, ಇರೋದು ತೋಟದ ಲೈನ್‌ಮನೇಲಿ (ಕೆಲಸದವರ ಸಾಲುಮನೆ). ಮಾವನ ಕಡೆಯವರು ಬೆಂಗಳೂರಲ್ಲಿ ಟೈಲ್ಸ್ ಹಾಕ್ತಾರೆ, ಬಂದ್ಬಿಡು ಅಂತಿದ್ದಾರೆ. ಇಲ್ಲೇ ಪಕ್ಕದ ಲೈನಿನ ಅಣ್ಣನೊಬ್ಬ ಪೇಂಟಿಂಗಿಗೆ ಕರೀತಾನೆ. ನನಗೆ ಊರು ಬಿಡೋಕೆ ಅಷ್ಟು ಮನಸ್ಸಿಲ್ಲ. ಆದ್ರೆ ಕೊಡಗಲ್ಲಿ ಮಳೆ ಹಿಡಿದ್ರೆ ನಾಲ್ಕು ತಿಂಗಳು ಕೈ ಕಟ್ಟಿ ಕೂರಬೇಕಾಗುತ್ತಾ? ಐಟಿಐ ಮಾಡ್ಲೇಬೇಕಾ? ಅಮ್ಮಂಗೆ ಬೇರೆ ಬೇಜಾರು, "ಓದಿಸಿದ್ದು ಗೋಡೆ ಬಳಿಯೋಕಾ" ಅಂತಾರೆ. ಈ ಕೆಲಸ ಮಾಡ್ತಿರೋರು ಯಾರಾದ್ರೂ ಇದ್ರೆ ಹೇಳಿ.

ಮಡಿಕೇರಿ ಮಂಜು:

ಬೆಂಗಳೂರಿಗೆ ಹೋಗು ಗುರು. ಇಲ್ಲಿ ಏನಿದೆ, ಮಂಜು ಮತ್ತು ಜಿಗಣೆ. ಎರಡು ವರ್ಷ ಕಲಿತು ಕಾಂಟ್ರಾಕ್ಟ್ ಹಿಡಿ, ಆಮೇಲೆ ಕೈ ಕೆಸರು ಮಾಡ್ಕೊಳ್ಳೋ ಅಗತ್ಯ ಇಲ್ಲ.

ಕರಣೆ ಸೋಮವಾರಪೇಟೆ:

ಮೇಲಿನವರ ಮಾತು ಅರ್ಧ ಸರಿ. ಕೈ ಕೆಸರು ಮಾಡ್ಕೊಳ್ಳದೆ ಕಾಂಟ್ರಾಕ್ಟ್ ಹಿಡಿದವರನ್ನ ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಬಿಟ್ಟುಹೋದ ಬಾತ್‌ರೂಮ್ ಒಡೆದು ಮತ್ತೆ ಹಾಕಿಯೇ ನನ್ನ ಸಂಸಾರದ ಒಂದು ಪಾಲು ನಡೀತಿದೆ.

ನಾನು 19 ವರ್ಷದಿಂದ ಇದರಲ್ಲಿದ್ದೇನೆ. ಮೊದಲ ಆರು ವರ್ಷ ಪೇಂಟಿಂಗ್, ಆಮೇಲೆ ಟೈಲ್ಸ್. ಕೊಡಗಲ್ಲಿ ಫಿನಿಶಿಂಗ್ ಕೆಲಸದ ವರ್ಷ ಜನವರಿಗೆ ಶುರುವಾಗಲ್ಲ, ಕಾಫಿ ಮಾರಿದ ದಿನ ಶುರುವಾಗುತ್ತೆ. ಅರೇಬಿಕಾ ಕುಯ್ಲು ಮುಗಿದು, ರೋಬಸ್ಟಾನೂ ಕಣದಿಂದ ಮೇಲೆದ್ದು ಚೀಲಕ್ಕೆ ಹೋದ್ಮೇಲೆ ಸಾಹುಕಾರ್ರ ಕೈಲಿ ದುಡ್ಡು. ಫೆಬ್ರವರಿಯಿಂದ ಮೇ ಕೊನೆವರೆಗೆ ಫೋನ್ ಇಡೋಕೆ ಬಿಡಲ್ಲ. ಮಾರ್ಚಲ್ಲಿ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಸರಿಯಾಗಿ ಬಂದ್ರೆ ಇನ್ನೂ ಒಂದು ರೂಮು ಜಾಸ್ತಿ ಮಾಡಿಸ್ತಾರೆ, ಕೈಕೊಟ್ರೆ "ಈ ಸಲ ಪ್ರೈಮರ್ ಮಾತ್ರ ಸಾಕು" ಅಂತಾರೆ. ತಮಾಷೆ ಅಲ್ಲ, ನಾನು ಮೋಡ ನೋಡಿ ಬಜೆಟ್ ಹಾಕೋನು.

ಜೂನ್ ಬಂತು ಅಂದ್ರೆ ಹೊರಗಿನ ಗೋಡೆ ಪೇಂಟಿಂಗ್ ಸೆಪ್ಟೆಂಬರ್ ಮುಗಿಯೋವರೆಗೆ ಬಂದ್. ಪೇಂಟಿಂಗ್ ಒಂದೇ ಕಲಿತವನಿಗೆ ನೀನು ಹೇಳಿದ ಹಾಗೆ ಕೂರೋದೇ ಗತಿ. ಟೈಲ್ಸ್, ಮರದ ಪಾಲಿಶ್, ಜಿಪ್ಸಂ ಸೀಲಿಂಗ್ ಎಲ್ಲಾ ಸೂರಿನ ಕೆಳಗಿನ ಕೆಲಸ. ಪಾಲಿಶಿಗೆ ಮಾತ್ರ ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಬೆಳ್ಳಗೆ ಮಬ್ಬು ಬರುತ್ತೆ, ಆಷಾಢದಲ್ಲಿ ಹುಷಾರು. ಅದಕ್ಕೆ ಟೈಲ್ಸ್ ಕಲಿ, ಪೇಂಟಿಂಗನ್ನ ಎರಡನೇ ಕೈಯಾಗಿ ಇಟ್ಕೋ.

ಆದ್ರೆ ಟೈಲ್ಸ್ ಅಂದ್ರೆ ಅಂಟಿಸೋದು ಅಂದ್ಕೋಬೇಡ, ಅದು ನೀರಿನ ಕೆಲಸ. ನನ್ನ ಮೇಸ್ತ್ರಿ ಜೇಬಲ್ಲಿ ಯಾವಾಗ್ಲೂ ಒಂದು ಗೋಲಿ ಇಟ್ಕೊಂಡಿರ್ತಿದ್ರು, ಮಕ್ಕಳಾಡೋ ಗಾಜಿನ ಗೋಲಿ. ನಾನು ಮೊದಲ ಸಲ ಒಬ್ಬನೇ ಹಾಕಿದ ಬಾತ್‌ರೂಮಿಗೆ ಬಂದು ಬಾಗಿಲ ಹತ್ರ ಕುಕ್ಕರುಗಾಲಲ್ಲಿ ಕೂತು ಗೋಲಿ ಬಿಟ್ರು. ಅದು ನೀರು ಹೋಗೋ ಜಾಲಿ ಕಡೆ ಹೋಗೋ ಬದಲು ನಿಧಾನಕ್ಕೆ ತಿರುಗಿ ಕಮೋಡಿನ ಹಿಂದೆ ಹೋಗಿ ನಿಂತ್ಬಿಡ್ತು. ಮೇಸ್ತ್ರಿ ಬೈಲಿಲ್ಲ. ಗೋಲಿ ಎತ್ಕೊಂಡು, "ಆ ಮೂಲೆಯಲ್ಲಿ ಇನ್ನು ನೀನೇ ಸ್ನಾನ ಮಾಡು" ಅಂದು ಹೊರಗೆ ಬೀಡಿ ಹಚ್ಚೋಕೆ ಹೋದ್ರು. 32 ಟೈಲ್ಸ್ ಕಿತ್ತೆ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಇರ್ಬೇಕು, ಅದನ್ನ ಕೆಳಗಿನ ಗಾರೆಯಲ್ಲೇ ಕೊಡ್ಬೇಕು. ಟೈಲ್ಸ್ ಕೂತ ಮೇಲೆ ದೇವರು ಬಂದ್ರೂ ತಿದ್ದೋಕಾಗಲ್ಲ.

ಇನ್ನೊಂದು, ಈಗಿನ ಎರಡಡಿ ನಾಲ್ಕಡಿ ವಿಟ್ರಿಫೈಡ್ ಟೈಲ್ಸು ನೀರು ಹೀರೋದು ನೂರಕ್ಕೆ 0.5 ಭಾಗವೂ ಇಲ್ಲ. ಹಳೇ ಸೆರಾಮಿಕ್ ಟೈಲ್ಸನ್ನ ಬಕೆಟ್‌ನಲ್ಲಿ ನೆನೆಸಿ ಸಿಮೆಂಟ್ ಹಾಲಲ್ಲಿ ಕೂರಿಸಿದ್ರೆ ಕಚ್ಚಿಕೊಳ್ತಿತ್ತು. ಇದನ್ನ ಹಾಗೇ ಗೋಡೆಗೆ ಹಾಕಿದ್ರೆ ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬರುತ್ತೆ, ಒಂದು ದಿನ ಕಳಚ್ಕೊಂಡು ಬೀಳುತ್ತೆ. ಇದಕ್ಕೆ ಸಿಮೆಂಟ್ ಹಾಲಲ್ಲ, ಟೈಲ್ಸ್ ಅಂಟು ಬೇಕು. ಅದನ್ನ ಹಲ್ಲಿನ ಕರಣೆಯಲ್ಲಿ ಎಳೀಬೇಕು, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಬೇಕು. ಹಳೇ ಮೇಸ್ತ್ರಿಗಳು ಇದನ್ನ ಒಪ್ಪಲ್ಲ, ನೀನು ಅವರ ಜೊತೆ ವಾದ ಮಾಡ್ಬೇಡ, ನೋಡಿ ಕಲಿ.

ಕಕ್ಕಬ್ಬೆ ಹೋಮ್‌ಸ್ಟೇ:

ಕೆಲಸ ಮಾಡಿಸೋ ಕಡೆಯಿಂದ ಒಂದು ಮಾತು. ನಮ್ಮ ಅಜ್ಜನ ಕಾಲದ ಮನೆಯ ರೆಡ್ ಆಕ್ಸೈಡ್ ನೆಲ ಒಂದು ರೂಮಲ್ಲಿ ಬಿರುಕು ಬಿಟ್ಟಿತ್ತು. ಬರೋ ಗೆಸ್ಟುಗಳಿಗೆ ಆ ಕೆಂಪು ನೆಲವೇ ಬೇಕು, ಬರಿಗಾಲಲ್ಲಿ ಓಡಾಡಿ ಫೋಟೊ ತೆಗೀತಾರೆ. ಮಾಡೋರನ್ನ ಹುಡುಕಿ ಹುಡುಕಿ ಕೊನೆಗೆ ವಿರಾಜಪೇಟೆ ಕಡೆಯಿಂದ ಎಪ್ಪತ್ತು ದಾಟಿದ ಒಬ್ಬರನ್ನ ಕರ್ಕೊಂಡು ಬಂದೆವು. ಇಡೀ ರೂಮನ್ನ ಒಂದೇ ಸಲಕ್ಕೆ ಮುಗಿಸಬೇಕು, ಇಲ್ಲಾಂದ್ರೆ ಜೋಡಿಸಿದ ಗೆರೆ ಕಾಣುತ್ತೆ ಅಂತ ಬೆಳಗ್ಗೆ ಆರಕ್ಕೆ ಕೂತವರು ಕತ್ತಲಾಗೋವರೆಗೆ ಉಜ್ಜಿದ್ರು. ಆಮೇಲೆ ವಾರಗಟ್ಟಲೆ ನೀರು ಕಟ್ಟಿ, ಒಣಗಿದ ಮೇಲೆ ತೆಂಗಿನೆಣ್ಣೆ. ಕೇಳಿದಷ್ಟು ಕೊಟ್ಟೆ, ಚೌಕಾಸಿ ಮಾಡೋ ಧೈರ್ಯ ಬರ್ಲಿಲ್ಲ. ಅವರ ಜೊತೆ ಕಲಿಯೋ ಹುಡುಗ ಒಬ್ಬನೂ ಇರ್ಲಿಲ್ಲ.

ಲೈನ್‌ಮನೆ ಹುಡುಗ:

ತುಂಬಾ ಥ್ಯಾಂಕ್ಸ್ ಅಣ್ಣ. ಗೋಲಿ ವಿಷಯ ಅಮ್ಮಂಗೆ ಓದಿ ಹೇಳ್ದೆ, ನಕ್ಕರು. ನೀವು ಪೇಂಟಿಂಗ್ ಯಾಕೆ ಬಿಟ್ರಿ? ಐಟಿಐ, ಕಾರ್ಡು ಗೀರ್ಡು ಬಗ್ಗೆನೂ ಹೇಳಿ.

ಕರಣೆ ಸೋಮವಾರಪೇಟೆ:

ಯಾಕೆ ಬಿಟ್ಟೆ ಅಂದ್ರೆ ಒಂದು ಮನೆ. ನಾಪೋಕ್ಲು ಕಡೆ, ಹೆಸರು ಬೇಡ. ಮೇ ತಿಂಗಳಲ್ಲಿ ಗೃಹಪ್ರವೇಶ, ಕಾರ್ಡ್ ಹಂಚಿ ಆಗಿತ್ತು. ಹೊಸ ಪ್ಲಾಸ್ಟರ್ ಒಣಗೋಕೆ ನಾಲ್ಕು ವಾರನಾದ್ರೂ ಬಿಡ್ಬೇಕು, ಅಲ್ಲಿ 12 ದಿನ ಆಗಿತ್ತು. ಬೇಡ ಅಂದೆ. ಯಜಮಾನರು "ನಿನ್ನಿಂದ ಆಗಲ್ಲಾಂದ್ರೆ ಬೇರೆಯವರಿದ್ದಾರೆ" ಅಂದ್ರು. ಮನೇಲಿ ಮಗು ಹುಟ್ಟಿತ್ತು, ದುಡ್ಡು ಬೇಕಿತ್ತು, ಒಪ್ಕೊಂಡೆ. ಪುಟ್ಟಿ, ಪ್ರೈಮರ್, ಎರಡು ಕೋಟ್. ಗೃಹಪ್ರವೇಶದ ದಿನ ಕನ್ನಡಿ ಥರ ಇತ್ತು, ಶಾಲು ಹೊದೆಸಿದ್ರು. ಜುಲೈನಲ್ಲಿ ಹೋಗಿ ನೋಡಿದ್ರೆ ಹಾಲ್‌ನ ಗೋಡೇಲಿ ಚಪಾತಿ ಉಬ್ಬಿದ ಹಾಗೆ ಉಬ್ಬಿದೆ. ಉಗುರಲ್ಲಿ ಚುಚ್ಚಿದೆ, ಒಳಗಿಂದ ನೀರು, ನೀರಿನ ಹಿಂದೆ ಬಿಳೀ ಉಪ್ಪು. ಎಲ್ಲಾ ಕೆರೆದು ನನ್ನ ಖರ್ಚಲ್ಲೇ ಮತ್ತೆ ಮಾಡಿಕೊಟ್ಟೆ. ತಪ್ಪು ಯಾರದು ಅಂತ ಇವತ್ತಿಗೂ ಅವರಿಗೆ ಅವರ ಲೆಕ್ಕ, ನನಗೆ ನನ್ನ ಲೆಕ್ಕ. ಆದ್ರೆ ಕುಂಚ ಹಿಡಿದಿದ್ದು ನಾನು.

ಆಮೇಲಿಂದ ಯಾರೇ ಅರ್ಜೆಂಟ್ ಮಾಡಿದ್ರೂ ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಗೋಡೆಗೆ ಅಂಟಿಸಿಡ್ತೀನಿ. ಬೆಳಗ್ಗೆ ಒಳಮೈಯಲ್ಲಿ ಬೆವರಿದ್ರೆ ಯಜಮಾನರನ್ನೇ ಕರ್ದು ಮುಟ್ಟಿಸ್ತೀನಿ.

ಐಟಿಐನಲ್ಲಿ ಪೇಂಟರ್ ಜನರಲ್ ಅಂತ ಎರಡು ವರ್ಷದ ಟ್ರೇಡ್ ಇದೆ. ಸರ್ಕಾರಿ ಕೆಲಸ, ಗಲ್ಫ್ ಅಂತ ಯೋಚನೆ ಇದ್ರೆ ಸರ್ಟಿಫಿಕೇಟ್ ಬೇಕು. ಊರಲ್ಲಿ ಯಾರೂ ಕೇಳಲ್ಲ, ಹಿಂದೆ ಮಾಡಿದ ಮನೆ ತೋರ್ಸು ಅಂತಾರೆ. ಕಾರ್ಡ್ ಮಾತ್ರ ಮರೀಬೇಡ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸ್ಬಹುದು, 18ರಿಂದ 60 ವಯಸ್ಸು. ಪೇಂಟರು, ಟೈಲ್ಸ್‌ನವರು ಎಲ್ಲಾ ಸೇರ್ತಾರೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಅನ್ನೋ ಕುಶಲಕರ್ಮಿಗಳ ಕೇಂದ್ರ ಯೋಜನೆಯ 18 ಕಸುಬಿನಲ್ಲಿ ಗಾರೆ ಮೇಸ್ತ್ರಿ ಇದ್ದಾನೆ, ಪೇಂಟರ್ ಇಲ್ಲ. ಅದು ಯಾವ ನ್ಯಾಯವೋ.

ಧೂಳಿನ ಬಗ್ಗೆ ಗಟ್ಟಿಯಾಗಿ ಹೇಳ್ತೀನಿ. ಟೈಲ್ಸ್ ಒಣ ಕೊಯ್ಯಬೇಡ. ಒಬ್ಬ ನೀರು ಹಾಕ್ಲಿ, ಒಬ್ಬ ಕೊಯ್ಲಿ. ಆ ಬಿಳೀ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ. ನನ್ನ ಮೇಸ್ತ್ರಿಗೆ ಈಗ ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು, ಬೀಡಿ ಒಂದನ್ನೇ ಬೈಯೋಕಾಗಲ್ಲ. ಹಳೇ ಬಂಗಲೆಗಳ ಬಾಗಿಲು ಕಿಟಕಿ ಬಣ್ಣದಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ. ಅದನ್ನ ಒಣಗಿದ್ದ ಹಾಗೇ ಉಜ್ಜಬೇಡ, ಒದ್ದೆ ಮಾಡಿ ಉಜ್ಜು. ಆ ಬಟ್ಟೇಲೇ ಮನೆಗೆ ಹೋಗಿ ಮಗು ಎತ್ಕೋಬೇಡ.

ಬೆಂಗಳೂರಿನ ಮಾವನ ಹತ್ರ ಒಂದು ವರ್ಷ ಹೋಗಿ ಬಂದ್ರೂ ತಪ್ಪಿಲ್ಲ, ದೊಡ್ಡ ಟೈಲ್ಸ್ ಅಲ್ಲೇ ಜಾಸ್ತಿ ಸಿಗೋದು. ಬೇಡಾಂದ್ರೆ ನನಗೆ ಮೆಸೇಜ್ ಹಾಕು. ಮಾದಾಪುರದ ಹತ್ರ ಒಂದು ಮನೆ ಶುರುವಾಗ್ತಿದೆ, ಮೂರು ಬಾತ್‌ರೂಮ್. ಮೊದಲ ತಿಂಗಳು ಗಾರೆ ಕಲಸೋದು, ಹೊರೋದು, ಅಷ್ಟೇ. ಕರಣೆ ಮುಟ್ಟೋಕೆ ಕೊಡಲ್ಲ. ಬಟವಾಡೆ ಶನಿವಾರ.

ಲೈನ್‌ಮನೆ ಹುಡುಗ:

ಮೆಸೇಜ್ ಹಾಕಿದ್ದೇನೆ ಅಣ್ಣ. ಮಧ್ಯಾಹ್ನದ ಬುತ್ತಿ ಕಟ್ಟಿಕೊಡ್ಬೇಕಾ, ಅಲ್ಲೇ ಊಟ ಇರುತ್ತಾ ಅಂತ ಅಮ್ಮ ಕೇಳ್ತಿದ್ದಾರೆ.

ಕರಣೆ ಸೋಮವಾರಪೇಟೆ:

ಬುತ್ತಿ ತಗೊಂಡು ಬಾ. ಸ್ವಲ್ಪ ಜಾಸ್ತೀನೇ ಕಟ್ಟೋಕೆ ಹೇಳು, ಹೆಲ್ಪರ್ ತಂದ ಬುತ್ತಿ ಹೆಲ್ಪರಿಗೆ ಪೂರ್ತಿ ಸಿಗಲ್ಲ.