ಪದಚರ್ಚೆ: ‘ಎಕ್ಸ್‌ಪ್ಲೋರ್ ಮಾಡುವುದು’ ಅಂದರೆ ‘ತಿರುಗಾಟ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕುಮಟಾದಿಂದ ಬರೆಯುತ್ತಿದ್ದೇನೆ. ಒಂದು ಪದ ಹದಿನೈದು ದಿನದಿಂದ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಮುಂದೆ ಇಟ್ಟರೆ ದಾರಿ ಸಿಗಬಹುದು ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಜುಲೈ ಮಳೆಗೆ ಕಾಲೇಜಿಗೆ ರಜೆ ಕೊಟ್ಟಿದ್ದರು. ಶಿರಸಿಯಿಂದ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಹಗಲೂ ರಾತ್ರಿ ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಆಡುತ್ತಿದ್ದ. ‘ಔಟರ್ ವೈಲ್ಡ್ಸ್’ ಅಂತ ಅದರ ಹೆಸರು. ಅದರ ಬಗ್ಗೆ ಕಾಲೇಜಿನ ಭಿತ್ತಿಪತ್ರಿಕೆಗೆ ಕನ್ನಡದಲ್ಲಿ ಎರಡು ಪುಟ ಬರೆಯಬೇಕು ಅಂತ ಅವನಿಗೆ ಆಸೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟ. “ಮಾವಾ, ಎಕ್ಸ್‌ಪ್ಲೋರ್ ಮಾಡದು ಅನ್ನದಕ್ಕೆ ಕನ್ನಡದಲ್ಲಿ ಎಂತ ಹೇಳ್ತ?” ಅಂತ ಕೇಳಿದ. ನಾನು ಹಿಂದೆ ಮುಂದೆ ನೋಡದೆ “ಅನ್ವೇಷಣೆ” ಅಂದೆ. ಬರೆದುಕೊಂಡ. ಒಂದು ನಿಮಿಷ ಅದನ್ನೇ ನೋಡಿದ. ಆಮೇಲೆ ಹೊಡೆದುಹಾಕಿದ. “ಇದು ಪೇಪರಿನ ಶಬ್ದ ಮಾವಾ. ನಾ ಮಾಡ್ತಾ ಇಪ್ಪದು ಇದಲ್ಲ” ಅಂದ.

ಅವನು ಮಾಡುತ್ತಿದ್ದದ್ದು ಏನು ಅಂತ ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗುವುದಿಲ್ಲ. ಈ ಆಟ ಬಂದದ್ದು 2019ರಲ್ಲಿ. ಅಮೆರಿಕದ ಮೋಬಿಯಸ್ ಡಿಜಿಟಲ್ ಅನ್ನುವ ಸಣ್ಣ ತಂಡದ್ದು. ಅಲೆಕ್ಸ್ ಬೀಚಮ್ ಎಂಬವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಸ್ನಾತಕೋತ್ತರ ಪದವಿಗೆ ಮಾಡಿದ ಕೆಲಸವೇ ಬೆಳೆದು ಈ ಆಟವಾಯಿತು. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ಅತ್ಯುತ್ತಮ ಗೇಮ್ ಪ್ರಶಸ್ತಿ ಇದಕ್ಕೇ ಬಂತು. ಒಂದು ಪುಟ್ಟ ಸೌರಮಂಡಲ, ಕಾಡಿನ ನಡುವೆ ಒಂದು ಹಳ್ಳಿ, ಮರದ ಹಲಗೆ ಮತ್ತು ತಗಡಿನಲ್ಲಿ ಮಾಡಿದ ಒಂದು ಅಂತರಿಕ್ಷ ಹಡಗು. ನೀವು ಹಡಗು ಹತ್ತಿ ಹೋಗುತ್ತೀರಿ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ. ಎಲ್ಲ ಮುಗಿಯುತ್ತದೆ. ಕಣ್ಣು ಬಿಟ್ಟರೆ ಮತ್ತೆ ಹಳ್ಳಿಯಲ್ಲಿ, ಅದೇ ಬೆಂಕಿಯ ಪಕ್ಕ ಮಲಗಿರುತ್ತೀರಿ.

ಬಂದೂಕು ಇಲ್ಲ. ಪಾಯಿಂಟು ಇಲ್ಲ. ಹೋಗುತ್ತ ಹೋಗುತ್ತ ಹಡಗು ದೊಡ್ಡದಾಗುವುದಿಲ್ಲ, ಕೈಗೆ ಹೊಸ ಶಕ್ತಿ ಬರುವುದಿಲ್ಲ. 22 ನಿಮಿಷ ದಾಟಿ ಜತೆಗೆ ಬರುವುದು ಒಂದೇ, ತಿಳಿದುಕೊಂಡದ್ದು. ಎಲ್ಲ ಗೊತ್ತಿದ್ದವರು ಮೊದಲ 22 ನಿಮಿಷದಲ್ಲೇ ಆಟ ಮುಗಿಸಬಹುದು. ಬೀಗ ಹಾಕಿದ್ದು ನಮ್ಮ ತಿಳಿವಳಿಕೆಗೆ, ಬಾಗಿಲಿಗೆ ಅಲ್ಲ. ಅದಕ್ಕೇ ಅದರ ಗುಟ್ಟುಗಳನ್ನು ನಾನಿಲ್ಲಿ ಹೇಳುವುದಿಲ್ಲ. ಮಂಜು ಕವಿದ ಒಂದು ಜಾಗದಲ್ಲಿ ಭಾರೀ ಮೀನುಗಳಿವೆ, ಅಷ್ಟು ಸಾಕು. ಹೇಳಿಬಿಟ್ಟರೆ ಆಡುವವರ ಕೈಯಿಂದ ಕಸಿದುಕೊಂಡ ಹಾಗೆ.

ಈಗ ಪದದ ವಿಷಯ. ನಮ್ಮ ಆಯಿ, ಅಂದರೆ ಅಮ್ಮ, ಅಲ್ಲೇ ಕೂತು ನೋಡುತ್ತಿದ್ದರು. ಹುಡುಗ ಒಂದು ಗ್ರಹದಲ್ಲಿ ಇಳಿದು ಬಂಡೆ ಸಂದಿಯಲ್ಲಿ ದೀಪ ಹಿಡಿದು ಹೋಗುತ್ತಿದ್ದ. ಆಯಿ ಕೇಳಿದರು: “ಎಂತ ಹುಡುಕ್ತಾ ಇದ್ದೆ ತಮಾ? ಎಂತ ಕಳ್ದೋತು?”

“ಎಂತೂ ಕಳ್ದೋಯ್ದಿಲ್ಲೆ ಅಮ್ಮಮ್ಮ.”

“ಹಂಗಾರೆ ಎಂತಕ್ಕೆ ಹುಡುಕದು?”

ನನಗೆ ಅಲ್ಲೇ ಹೊಳೆಯಿತು. ‘ಹುಡುಕು’ ಅಂದ ಕೂಡಲೇ ‘ಏನನ್ನು?’ ಅನ್ನುವ ಪ್ರಶ್ನೆ ಬೆನ್ನಿಗೇ ಬರುತ್ತದೆ. ಕಳೆದದ್ದನ್ನು ಹುಡುಕುತ್ತೇವೆ, ಬೇಕಾದದ್ದನ್ನು ಹುಡುಕುತ್ತೇವೆ. ಗೊತ್ತೇ ಇಲ್ಲದ್ದನ್ನು ಹುಡುಕಲು ಬರುವುದಿಲ್ಲ. ‘ಅರಸು’ ಕೂಡ ಹಾಗೇ, ಜತೆಗೆ ಅದು ಈಗ ಮಾತಿಗಿಂತ ಬರಹದಲ್ಲೇ ಹೆಚ್ಚು. ‘ಅನ್ವೇಷಣೆ’ಯನ್ನು ಬಿಡಿಸಿದರೆ ಅನು, ಏಷಣ. ಒಂದರ ಹಿಂದೆ ಬಿದ್ದು ಹೋಗುವುದು. ಅಲ್ಲೂ ಮುಂದೆ ಏನೋ ಒಂದು ಓಡುತ್ತಿರಬೇಕು. ‘ಪರಿಶೋಧನೆ’ ಅಂದರೆ ನಮಗೆಲ್ಲ ಸೊಸೈಟಿಯ ಲೆಕ್ಕ ಪರಿಶೋಧನೆ ನೆನಪಾಗುತ್ತದೆ.

‘ಶೋಧ’ ಸಣ್ಣ ಪದ, ಚೆನ್ನಾಗಿದೆ ಅಂತ ಕೆಲವರು ಹೇಳಬಹುದು. ನಮ್ಮ ಕರಾವಳಿಯಲ್ಲಿ ಆ ಪದವನ್ನು ನಾನು ಆಟಕ್ಕೆ ಬಳಸಲಾರೆ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ‘ಶೋಧ ಮುಂದುವರಿದಿದೆ’ ಅಂತ ಬಂದರೆ ಹೊಳೆಯಲ್ಲೋ ಕಡಲಲ್ಲೋ ಯಾರೋ ಕೊಚ್ಚಿ ಹೋಗಿದ್ದಾರೆ ಅಂತಲೇ ಅರ್ಥ. ಓದಿದವರ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಇದು ನಿಘಂಟಿನಲ್ಲಿ ಸಿಗುವ ಅರ್ಥ ಅಲ್ಲ, ಆದರೂ ಇಲ್ಲಿ ಪದದ ಜತೆ ಅಂಟಿಕೊಂಡು ಬಂದಿದೆ.

‘ಜಾಲಾಡು’ ನನಗೆ ಬಹಳ ಇಷ್ಟವಾಗಿತ್ತು. ಬಲೆಯನ್ನು ನೆನಪಿಸುವ ಪದ, ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಕೇಳೋಣ ಅಂತ ಹಿಂದಿನ ಮನೆಯ ಅಣ್ಣನ ಹತ್ತಿರ ಹೋದೆ. ಅವರು ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಜಗುಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಬಿಗಿ ಹಿಡಿದಿದ್ದರು. ಹರಿದ ಕಣ್ಣಿನ ಸುತ್ತ ನೂಲನ್ನು ಮೊದಲು ಕತ್ತರಿಸಿ ತೆಗೆಯುತ್ತಾರೆ. ತೂತು ಇನ್ನೂ ದೊಡ್ಡದಾಗುತ್ತದೆ. ಆಮೇಲೆ ಅಂಚಿನಿಂದ ಹೊಸ ನೂಲು ಏರಿಸುತ್ತ, ಬೆರಳಿನ ಅಳತೆಯಲ್ಲೇ ಒಂದೊಂದೇ ಕಣ್ಣು ಹೆಣೆಯುತ್ತಾರೆ. ತಲೆ ಎತ್ತದೆಯೇ ಹೇಳಿದರು: “ಜಾಲಾಡೂದು ಅಂದ್ರೆ ಒಂದೂ ಬಿಡ್ದೆ ತೆಗ್ಯೂದು.” ಹೌದಲ್ಲ. ಮನೆ ಜಾಲಾಡಿದರು ಅಂದರೆ ಕಪಾಟಿನ ಬಟ್ಟೆಯೆಲ್ಲ ನೆಲಕ್ಕೆ ಬಿದ್ದಿರುತ್ತದೆ. ಹುಡುಗನ ಆಟದಲ್ಲಿ ಏನನ್ನೂ ಕಿತ್ತು ತರುವುದಿಲ್ಲ. ಗೋಡೆಯ ಮೇಲೆ ಹಳೇ ಜನ ಸುರುಳಿ ಸುರುಳಿಯಾಗಿ ಬರೆದದ್ದನ್ನು ಓದಿ, ಅಲ್ಲೇ ಬಿಟ್ಟು ಬರುವುದು.

“ಹಾಗಾದರೆ ನೀವು ಏನಂತೀರಿ?” ಅಂತ ಕೇಳಿದೆ. “ಅದ್ಕೆಂತ ಶಬ್ದ? ಹೋಗಿ ತಿರುಗಿ ನೋಡ್ಕಂಡ್ ಬರೂದು” ಅಂದರು.

ಆ ಮಾತು ಹಿಡಿದುಕೊಂಡೇ ಮನೆಗೆ ಬಂದೆ. ಅದರಲ್ಲಿ ಎರಡು ವಿಷಯ ಇದೆ. ಮೊದಲನೆಯದು ‘ಬರೂದು’. ನಾವು ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅನ್ನುವುದಿಲ್ಲ, ‘ಹೋಗಿ ಬರ್ತೇನೆ’ ಅನ್ನುತ್ತೇವೆ. ನೋಡುವುದಕ್ಕೆ ಹೋದವನು ಬಂದು ಹೇಳಿದರೇ ನೋಡಿದ್ದು ಪೂರ್ತಿಯಾಗುವುದು. ಆ ಆಟದಲ್ಲೂ ಬಂದೇ ಬರುತ್ತೀರಿ, ಬೆಂಕಿಯ ಪಕ್ಕಕ್ಕೆ.

ಎರಡನೆಯದು ‘ತಿರುಗಿ’. ಈ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಬುಗುರಿ ತಿರುಗುತ್ತದೆ, ಭೂಮಿ ತಿರುಗುತ್ತದೆ. ಅವನು ಊರೂರು ತಿರುಗಿದ. ಪೇಟೆಗೆ ಹೋದವಳು ಸಂಜೆ ತಿರುಗಿ ಬಂದಳು. ಕೇಳಿಸಲಿಲ್ಲ, ತಿರುಗಿ ಹೇಳು. ಸುತ್ತುವುದು, ಅಡ್ಡಾಡುವುದು, ವಾಪಸ್ ಬರುವುದು, ‘ಮತ್ತೆ’ ಅನ್ನುವುದು, ನಾಲ್ಕೂ ಒಂದರಲ್ಲೇ. ಈ ಆಟದಲ್ಲಿ ಇರುವುದೂ ಈ ನಾಲ್ಕೇ. ಗ್ರಹಗಳು ಸೂರ್ಯನ ಸುತ್ತ ತಿರುಗುತ್ತವೆ. ನೀವು ಗ್ರಹದಿಂದ ಗ್ರಹಕ್ಕೆ ತಿರುಗುತ್ತೀರಿ. 22 ನಿಮಿಷಕ್ಕೆ ತಿರುಗಿ ಬರುತ್ತೀರಿ. ತಿರುಗಿ ಹೊರಡುತ್ತೀರಿ. ಗ್ರೀಕರು ಗ್ರಹಗಳಿಗೆ ‘ಅಲೆಯುವವು’ ಅಂತಲೇ ಹೆಸರಿಟ್ಟಿದ್ದರು, ‘ಪ್ಲಾನೆಟ್’ ಬಂದದ್ದು ಅಲ್ಲಿಂದ. ನಮ್ಮ ‘ಗ್ರಹ’ದ ಮೂಲ ಅರ್ಥ ಹಿಡಿಯುವುದು. ಈ ಒಂದು ಕಡೆ ಗ್ರೀಕರ ಪದವೇ ತಿರುಗುವುದಕ್ಕೆ ಹತ್ತಿರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಆಟದಲ್ಲಿ ಎರಡು ಗ್ರಹ ಜೋಡಿಯಾಗಿವೆ. ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತಲೇ ಇರುತ್ತದೆ, ಮರಳು ಗಡಿಯಾರದ ಹಾಗೆ. ಒಂದರಲ್ಲಿ ಬೇಗ ಹೋದರೆ ಗುಹೆಯ ದಾರಿ ಸಿಗುತ್ತದೆ, ತಡವಾದರೆ ಮರಳು ತುಂಬಿ ಮುಚ್ಚಿರುತ್ತದೆ. ಇನ್ನೊಂದರಲ್ಲಿ ಇದರ ತಿರುಗುಮುರುಗು, ಕಾದಷ್ಟೂ ಹೂತದ್ದು ಮೇಲೆ ಬರುತ್ತದೆ. ನಮ್ಮ ಅಘನಾಶಿನಿ ಹೊಳೆಯ ದಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಳಿತದಲ್ಲಿ ಚಿಪ್ಪಿ ಆರಿಸುವ ಜಾಗದಲ್ಲಿ ಭರತ, ಅಂದರೆ ಉಬ್ಬರ, ಬಂದರೆ ದೋಣಿಯೇ ಬೇಕು. ಹೊತ್ತು ನೋಡಿ ಹೋಗುವುದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ಹೇಳಹೊರಟದ್ದು ಮರಳಿನ ಬಗ್ಗೆ. 22 ನಿಮಿಷ ಆದ ಮೇಲೆ ಆ ಮರಳೆಲ್ಲ ಮೊದಲಿನ ಜಾಗದಲ್ಲೇ ಇರುತ್ತದೆ. ಮರಳು ಮರಳುತ್ತದೆ! ಇಂಥ ಸಾಲು ಕನ್ನಡದಲ್ಲಿ ಬಿಟ್ಟರೆ ಎಲ್ಲಿ ಬರೆಯಲಿಕ್ಕೆ ಆಗುತ್ತದೆ? ಹುಡುಗ ಅದನ್ನು ಕೂಡಲೇ ಬರೆದುಕೊಂಡ.

ಈಗ ‘ತಿರುಗಾಟ’. ಹುಡುಕಾಟ, ತಡಕಾಟ, ಅಲೆದಾಟ, ಸುತ್ತಾಟ, ಓಡಾಟ, ಎಲ್ಲದರ ಬಾಲದಲ್ಲೂ ‘ಆಟ’ ಇದೆ. ವ್ಯಾಕರಣದವರು ಅದನ್ನು ಬರೀ ಪ್ರತ್ಯಯ ಅನ್ನಬಹುದು. ಕಿವಿಗೆ ಆಟ ಅಂತಲೇ ಕೇಳಿಸುತ್ತದೆ. ಗೇಮಿಗೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ಅಲೆದಾಟದಲ್ಲಿ ದಣಿವು ಇದೆ, ಕಚೇರಿಗೆ ಅಲೆದು ಅಲೆದು ಸಾಕಾಯಿತು ಅನ್ನುತ್ತೇವೆ. ತಡಕಾಟದಲ್ಲಿ ಕತ್ತಲೆ ಇದೆ. ಸುತ್ತಾಟದಲ್ಲಿ ಮಜಾ ಜಾಸ್ತಿ. ತಿರುಗಾಟ ಮಾತ್ರ ನಡುವೆ ನಿಂತಿದೆ.

ಅದೂ ಅಲ್ಲದೆ ನಮ್ಮ ಜಿಲ್ಲೆಯವರಿಗೆ ತಿರುಗಾಟ ಅಂದರೆ ಯಕ್ಷಗಾನ ಮೇಳದ ತಿರುಗಾಟ. ಮಳೆಗಾಲ ಮುಗಿದ ಮೇಲೆ ಮೇಳ ಹೊರಡುತ್ತದೆ, ಊರಿಂದ ಊರಿಗೆ ಹೋಗುತ್ತದೆ, ಮುಂದಿನ ಮಳೆಗಾಲದ ಹೊತ್ತಿಗೆ ತಿರುಗಿ ಬರುತ್ತದೆ. ಅದೇ ಪ್ರಸಂಗ, ಅದೇ ಪದ್ಯ, ಆದರೆ ಒಂದು ರಾತ್ರಿಯ ಹಾಗೆ ಇನ್ನೊಂದು ರಾತ್ರಿ ಇರುವುದಿಲ್ಲ. ‘ಎಷ್ಟು ವರ್ಷ ತಿರುಗಾಟ ಮಾಡಿದ್ದೀರಿ?’ ಅಂತ ಕಲಾವಿದರನ್ನು ಗೌರವದಿಂದ ಕೇಳುತ್ತಾರೆ. ಆ ಲೆಕ್ಕದಲ್ಲಿ ಅನುಭವ ಇದೆ, ಹೆಮ್ಮೆ ಇದೆ. ಹುಡುಗನೂ ಹೇಳುತ್ತಾನಲ್ಲ, ಇದು ನನ್ನ ಮೂವತ್ತನೇ ಸಲ ಅಂತ. ‘ಮೂವತ್ತನೇ ತಿರುಗಾಟ’ ಅಂದರೆ ಎಷ್ಟು ಚಂದ.

ಈ ಹೋಲಿಕೆ ನನಗೆ ಸುಮ್ನೆ ಬಂದದ್ದಲ್ಲ, ಆಯಿಯಿಂದ ಬಂತು. ಆಟದಲ್ಲಿ ಒಂದು ದುರ್ಬೀನಿನಂಥದ್ದು ಇದೆ, ಅದರಲ್ಲಿ ಸದ್ದು ಹಿಡಿಯಬಹುದು. ಬೇರೆ ಬೇರೆ ಗ್ರಹದಲ್ಲಿ ಒಬ್ಬೊಬ್ಬ ಪಯಣಿಗ ಒಬ್ಬನೇ ಕೂತು ಏನಾದರೂ ನುಡಿಸುತ್ತಿರುತ್ತಾನೆ. ಒಂದು ಕಡೆ ಬಾಂಜೋ, ಒಂದು ಕಡೆ ಕೊಳಲು, ಒಂದು ಕಡೆ ಡೋಲು, ಮತ್ತೊಬ್ಬನದು ಬರೀ ಸಿಳ್ಳು. ಆಕಾಶದ ಕಡೆ ಹಿಡಿದರೆ ಸಣ್ಣದಾಗಿ ಕೇಳುತ್ತದೆ. ಸರಿಯಾದ ಕೋನದಲ್ಲಿ ಎರಡು ಮೂರು ಸೇರಿದರೆ ಒಂದೇ ಹಾಡು. ಹುಡುಗ ಇಯರ್‌ಫೋನನ್ನು ಅಮ್ಮಮ್ಮನ ಕಿವಿಗೆ ಇಟ್ಟ. ಆಯಿ ಕಣ್ಣು ಮುಚ್ಚಿ ಕೇಳಿದರು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ಸಣ್ಣ ಪ್ರಾಯದಲ್ಲಿ ರಾತ್ರಿ ಅಂಗಳದಲ್ಲಿ ನಿಂತು ದೂರದ ಚಂಡೆ ಸದ್ದಿನ ಮೇಲೆ ಯಕ್ಷಗಾನದ ಆಟ ಯಾವ ಊರಲ್ಲಿ ಅಂತ ಹೇಳುತ್ತಿದ್ದರಂತೆ, ಆ ಕಥೆ ಶುರುಮಾಡಿದರು. ಒಣಗರಿಯ ಸೂಡಿ ಬೆಳಕಿಗೆ ಹಚ್ಚಿಕೊಂಡು, ಸದ್ದು ಬಂದ ಕಡೆ ಗದ್ದೆ ಅಂಚಿನ ಮೇಲೆ ನಡೆಯುವುದಂತೆ. ಹುಡುಗ ಗೇಮ್ ನಿಲ್ಲಿಸಿ ಕೇಳಿದ. ಅವನು ಗೇಮ್ ನಿಲ್ಲಿಸಿದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಈಗ ನನಗಿರುವ ಅನುಮಾನ. ತಿರುಗುವುದಕ್ಕೆ ಕೆಟ್ಟ ಹೆಸರೂ ಇದೆ. ‘ಕೆಲಸ ಇಲ್ಲದೆ ತಿರುಗ್ತಾನೆ’ ಅನ್ನುತ್ತಾರೆ. ‘ತಿರುಬೋಕಿ’ ಬೈಗುಳ. ಅದೇ ಮನೆತನದ ‘ತಿರಿ’ಯಿಂದ ತಿರುಕ, ತಿರುಪೆ. ತಿರುಗುವವನಿಗೆ ಮನೆ ಮಠ ಇಲ್ಲ ಅನ್ನುವ ಭಾವನೆ ಹಳೆಯದು. ಭಿತ್ತಿಪತ್ರಿಕೆಯಲ್ಲಿ ‘ಅಂತರಿಕ್ಷದ ತಿರುಗಾಟ’ ಅಂತ ಓದಿದ ಒಬ್ಬ ಬೆಂಗಳೂರಿನ ಅಥವಾ ಮೈಸೂರಿನ ಹುಡುಗಿಗೆ ಏನು ಅನ್ನಿಸುತ್ತದೆ? ಮೇಳ ನೋಡದವರಿಗೆ ಈ ಪದದ ಗೌರವ ಕಾಣುತ್ತದೆಯೇ? ದಯವಿಟ್ಟು ಆ ಕಡೆಯವರು ಹೇಳಿ.

ಕಾರವಾರ, ಅಂಕೋಲಾ ಕಡೆಯವರಿಗೆ ಬೇರೆ ಪ್ರಶ್ನೆ. ಹೊಸ ಜಾಗದಲ್ಲಿ ಮೀನು ಇದೆಯೋ ಇಲ್ಲವೋ ಗೊತ್ತಿಲ್ಲದೆ, ನೋಡುವುದಕ್ಕೇ ಅಂತ ಒಂದು ಸಲ ಹೋಗಿ ಬರುವುದಕ್ಕೆ ನಿಮ್ಮಲ್ಲಿ ಬೇರೆ ಪದ ಇದೆಯೇ? ಕೊಂಕಣಿಯಲ್ಲಿ ಇದ್ದರೂ ಹೇಳಿ. ಹಿಂದಿನ ಮನೆಯ ಅಣ್ಣನಿಗೆ ನೆನಪಾಗಲಿಲ್ಲ. ಹಾಗೆಯೇ ಘಟ್ಟದ ಮೇಲಿನವರು, ಉಪ್ಪಾಗೆ, ಮುರುಗಲು ಹಣ್ಣು ತರಬೇಕು ಅಂತ ಏನೂ ಲೆಕ್ಕ ಇಲ್ಲದೆ ಬೆಟ್ಟಕ್ಕೆ ಹೋಗುವುದಕ್ಕೆ ಏನು ಹೇಳುತ್ತೀರಿ?

ಆಟದ ಹೆಸರಿನ ‘ವೈಲ್ಡ್ಸ್’ಗೆ ನನಗೆ ‘ಕಾನು’ ಹಿಡಿಸಿದೆ. ಕಾಡು, ಅಡವಿ ಎಲ್ಲೆಡೆ ಇದೆ. ಹಗಲೂ ಕತ್ತಲೆ ಇರುವ, ದಾರಿ ಗೊತ್ತಿಲ್ಲದವರು ಒಳಗೆ ಹೋಗದ ಕಾಡಿಗೆ ಶಿರಸಿ, ಸಿದ್ದಾಪುರದಲ್ಲಿ ಕಾನು ಅನ್ನುತ್ತಾರೆ. ಇದರ ಬಗ್ಗೆ ನನಗೆ ಹೆಚ್ಚು ಚರ್ಚೆ ಬೇಕಾಗಿಲ್ಲ. ಹೆಸರನ್ನು ಅನುವಾದಿಸದೆ ಹಾಗೇ ಇಡುವುದು ಅಂತ ತೀರ್ಮಾನವಾಗಿದೆ. ಒಳಗೆ ಒಂದು ಕಡೆ ಬಳಸುತ್ತೇವೆ.

ಹುಡುಗ ಈಗ ಬರೆದಿರುವ ಮೊದಲ ಸಾಲು ಹೀಗಿದೆ: “ಗ್ರಹದಿಂದ ಗ್ರಹಕ್ಕೆ ತಿರುಗಿ, ಸೂರ್ಯ ಸಿಡಿದಾಗ ತಿರುಗಿ ಊರಿಗೆ ಬಂದು, ಕಂಡದ್ದನ್ನು ನೆನಪಿಟ್ಟುಕೊಂಡು ತಿರುಗಿ ಹೊರಡುವುದೇ ಈ ತಿರುಗಾಟ.” ‘ತಿರುಗಿ’ ಮೂರು ಸಲ, ಮೂರು ಅರ್ಥದಲ್ಲಿ ಬಂದಿದೆ. ನನಗೆ ಓದಲು ಹಿತವಾಗಿದೆ. ಅವನಿಗೆ ಒಂದನ್ನು ತೆಗೆಯಬೇಕು ಅನ್ನಿಸುತ್ತಿದೆ, ಯಾವುದನ್ನು ಅಂತ ಗೊತ್ತಾಗುತ್ತಿಲ್ಲ. ನಿಮಗೆ ಎಲ್ಲಿಯಾದರೂ ತೊಡಕಾಯಿತೇ? ಭಿತ್ತಿಪತ್ರಿಕೆ ಅಂಟಿಸುವುದು ಬರುವ ಸೋಮವಾರ. ಅದರೊಳಗೆ ಎರಡು ಸಾಲು ಬರೆದರೂ ಅವನಿಗೆ ತಲುಪಿಸುತ್ತೇನೆ.