ಅಪ್‌ಡೇಟ್: ಹಳೆಯ ಕಾರಿನ ನಡುಕ ಮತ್ತು ಬಿಸಿಯಾಗದ ಹೀಟರ್

ಮಡಿಕೇರಿಯ ಚಳಿಯಲ್ಲಿ ಹೀಟರ್ ಬಿಸಿಯಾಗುತ್ತಿಲ್ಲ, ಗಾಡಿ ನಿಂತು ಎಂಜಿನ್ ಓಡುತ್ತಿರುವಾಗ ಸ್ಟೇರಿಂಗ್ ನಡುಗುತ್ತದೆ ಎಂದು ನನ್ನ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿನ ಬಗ್ಗೆ ಕೇಳಿದ್ದೆ. ಈಗ ಎರಡೂ ಸರಿಯಾಗಿವೆ.

ನಡುಕಕ್ಕೆ ವೀಲ್ ಬ್ಯಾಲೆನ್ಸಿಂಗ್‌ (ಚಕ್ರಗಳ ತೂಕ ಸಮ ಮಾಡಿಸುವುದು) ಮಾಡಿಸಿದರೂ ಪ್ರಯೋಜನವಾಗಲಿಲ್ಲ. ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಗಾಡಿಗೆ ಹಿಡಿದಿಟ್ಟು ನಡುಕ ತಡೆಯುವ ರಬ್ಬರ್ ಆಧಾರ) ನೋಡಿಸಿ ಎಂದವರ ಮಾತೇ ನಿಜವಾಯಿತು: ಬಲಗಡೆಯ ಮೌಂಟಿಂಗಿನ ರಬ್ಬರ್ ಸೀಳಿ, ಲೋಹಕ್ಕೆ ಲೋಹ ತಾಗುತ್ತಿತ್ತು.

ಇನ್ನು ಹೀಟರ್ ವಿಷಯ. ಹೀಟರ್ ಕೋರ್ (ಎಂಜಿನ್ನಿನ ಬಿಸಿ ನೀರು ಹರಿದು ಒಳಗಿನ ಗಾಳಿಯನ್ನು ಬಿಸಿ ಮಾಡುವ ಭಾಗ) ಕಟ್ಟಿಕೊಂಡಿದ್ದರೆ ಅದರ ಒಂದು ಹೋಸ್ ಬಿಸಿಯಾಗಿ, ಇನ್ನೊಂದು ತಣ್ಣಗಿರಬೇಕಿತ್ತು. ಇಲ್ಲಿ ಎರಡೂ ಒಂದೇ ಸಮನೆ ಉಗುರುಬೆಚ್ಚಗಿದ್ದವು. ಆದ್ದರಿಂದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಹೋಗದಂತೆ ತಡೆಯುವ ಕವಾಟ) ತೆರೆದೇ ಉಳಿದಿರಬಹುದೆಂಬ ಸಲಹೆಯಂತೆ ಬಿಚ್ಚಿಸಿದರೆ, ಆಶ್ಚರ್ಯವೆಂಬಂತೆ ಅಲ್ಲಿ ಥರ್ಮೋಸ್ಟಾಟೇ ಇರಲಿಲ್ಲ! ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆಂದು ಹಿಂದೆ ಯಾರೋ ತೆಗೆದುಹಾಕಿರಬೇಕು. ಹಾಗೆ ಮಾಡಿದರೆ ಎಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಕೂಡ ಹೆಚ್ಚು ಕುಡಿಯುತ್ತದೆ. ಹೊಸದನ್ನು ಕೂರಿಸಿ, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ತೆಗೆಸಿದ ಮೇಲೆ ಹೀಟರ್ ಚೆನ್ನಾಗಿ ಬಿಸಿ ಕೊಡುತ್ತಿದೆ. ಸಲಹೆ ಕೊಟ್ಟ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.