ಕವಿತೆ ಮೊದಲೋ, ಕಾಲ ಮೊದಲೋ: ನಮ್ಮ ಮನೆ ಗ್ರೂಪಿನ ಜಗಳ

(ತಂಗಿ ತನ್ನ ಎಂಎ ಪಾಠಪಟ್ಟಿಯ ಫೋಟೋ ಹಾಕಿದಳು: ‘20ನೇ ಶತಮಾನದ ಸಾಹಿತ್ಯ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಿನ್ನೆಲೆಯಲ್ಲಿ’. ನಮ್ಮ ದೊಡ್ಡಪ್ಪ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಸುಮ್ಮನಿರುತ್ತಾರಾ?)

ದೊಡ್ಡಪ್ಪ: ಇದು ಸಾಹಿತ್ಯದ ಪಟ್ಟಿಯೋ, ಚರಿತ್ರೆಯದೋ? ಮೊದಲ ಮೂರು ವಾರ ಬರೀ ಮಹಾಯುದ್ಧ, ಮತದಾನದ ಹಕ್ಕು, ವಸಾಹತು. ಕವಿತೆ ಬರೋದು ನಾಲ್ಕನೇ ವಾರ!

ತಂಗಿ: ಹಿನ್ನೆಲೆ ಗೊತ್ತಿಲ್ಲದೆ ಓದಿದರೆ ಅರ್ಧ ಅರ್ಥವೇ ಆಗಲ್ಲ ದೊಡ್ಡಪ್ಪ.

ದೊಡ್ಡಪ್ಪ: ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ. ಎ. ರಿಚರ್ಡ್ಸ್ ತನ್ನ ವಿದ್ಯಾರ್ಥಿಗಳಿಗೆ ಏನು ಮಾಡಿದ ಗೊತ್ತಾ? ಕವಿಯ ಹೆಸರು ಹೇಳದೆ ಬರೀ ಪದ್ಯ ಕೊಟ್ಟು, ಅನಿಸಿದ್ದು ಬರೆಯಿರಿ ಅಂದ. 1929ರಲ್ಲಿ ಅದೇ ಪುಸ್ತಕವಾಯಿತು. ಓದೋದು ಅಂದರೆ ಅದು.

ನಾನು: ಆ ಹುಡುಗರು ಎಡವಿದ್ದನ್ನೂ ಹೇಳಿ. ಎಷ್ಟೋ ಜನಕ್ಕೆ ನೇರ ಅರ್ಥವೇ ದಕ್ಕಲಿಲ್ಲ.

ದೊಡ್ಡಪ್ಪ: ಓದೋಕೆ ಬರದೆ ಎಡವಿದರು. ಚರಿತ್ರೆ ಗೊತ್ತಿಲ್ಲದ್ದಕ್ಕಲ್ಲ.

(ಈ ಏಟು ಸರಿಯಾಗೇ ಬಿತ್ತು. ಅಷ್ಟರಲ್ಲಿ ಭಾವ ಗುಲಾಬಿ ಹೂವಿನ ಜೊತೆ ‘ಶುಭೋದಯ’ ಹಾಕಿದರು. ಮಧ್ಯಾಹ್ನ ನಾಲ್ಕು ಗಂಟೆ.)

ನಾನು: ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್‌ನ ವಿಷಾನಿಲದ ಪದ್ಯ ತೆಗೆದುಕೊಳ್ಳಿ. ದೇಶಕ್ಕಾಗಿ ಸಾಯೋದು ಸೊಗಸು ಅನ್ನೋ ಹಳೇ ಲ್ಯಾಟಿನ್ ಮಾತು ಸುಳ್ಳು ಅಂತ ಕೊನೆಯಲ್ಲಿ ‘ಗೆಳೆಯಾ’ ಎಂದು ಯಾರಿಗೋ ಹೇಳುತ್ತಾನಲ್ಲ, ಯಾರಿಗೆ?

ದೊಡ್ಡಪ್ಪ: ಓದುಗನಿಗೆ. ಮೂವತ್ತು ವರ್ಷ ಹಾಗೇ ಪಾಠ ಮಾಡಿದ್ದೇನೆ.

ನಾನು: ಕರಡಿನಲ್ಲಿ ಪದ್ಯದ ಮೇಲೆ ‘ಜೆಸ್ಸಿ ಪೋಪ್‌ಗೆ’ ಅಂತ ಇದೆ. ಹುಡುಗರೇ ಸೈನ್ಯಕ್ಕೆ ಸೇರಿ ಅಂತ ಪದ್ಯ ಕಟ್ಟುತ್ತಿದ್ದಾಕೆ. ಆಕೆಗೆ ಯುದ್ಧ ಒಂದು ಆಟದ ಹಾಗೆ. ಓವೆನ್ ಕಂದಕದಲ್ಲಿದ್ದು ಬಂದವನು. 1917ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಇದನ್ನು ಬರೆದ. ಮಾರನೇ ವರ್ಷ, ಯುದ್ಧ ನಿಲ್ಲೋಕೆ ಒಂದೇ ವಾರ ಇರುವಾಗ ಸತ್ತ. ಇಷ್ಟು ಗೊತ್ತಾದ ಮೇಲೂ ‘ಗೆಳೆಯಾ’ ಅನ್ನೋದರಲ್ಲಿ ಸ್ನೇಹ ಕಾಣುತ್ತಾ? ನನಗೆ ಕುಟುಕು ಕಾಣುತ್ತೆ. ಇಂಗ್ಲಿಷಿನ ಆ ಪದಕ್ಕೆ ಗಂಡು ಹೆಣ್ಣು ಇಲ್ಲ. ಕನ್ನಡಕ್ಕೆ ತರುವಾಗ ‘ಗೆಳೆಯಾ’ ಅನ್ನಬೇಕೋ ‘ಗೆಳತೀ’ ಅನ್ನಬೇಕೋ? ಅಷ್ಟು ತೀರ್ಮಾನ ಮಾಡೋಕೂ ಹಿನ್ನೆಲೆ ಬೇಕಲ್ವಾ?

(ಹತ್ತು ನಿಮಿಷ ‘ಟೈಪಿಂಗ್’ ಅಂತಲೇ ಇತ್ತು.)

ದೊಡ್ಡಪ್ಪ: ಆ ಹೆಸರು ಅಚ್ಚಾದ ಪದ್ಯದಲ್ಲಿ ಇಲ್ಲವಲ್ಲ?

ನಾನು: ಇಲ್ಲ. ಕರಡಿನಲ್ಲಿ ‘ಒಬ್ಬ ಕವಯಿತ್ರಿಗೆ’ ಅಂತಲೂ ಇದೆ. ಕೊನೆಗೆ ಎರಡೂ ಹೋದವು.

ದೊಡ್ಡಪ್ಪ: ತೆಗೆದದ್ದು ಕವಿಯೇ ತಾನೇ? ಹಾಗಾದರೆ ಅವನು ನನ್ನ ಕಡೆ!

(ನಾನೇ ಕೈಯಾರೆ ಕೊಟ್ಟ ದೊಣ್ಣೆ.)

ಅತ್ತೆ: ನಾನೊಂದು ಮಾತು ಹೇಳಲಾ? 1975ರಲ್ಲಿ ಕಾದಂಬರಿಕಾರ ಚಿನುವ ಅಚಿಬೆ, ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಬರೆದ ಇಂಗ್ಲಿಷ್ ಲೇಖಕ ಕಾನ್ರಾಡ್ ಮೇಲೆ ಹರಿಹಾಯ್ದದ್ದು ಪುಟ ಮುಂದಿಟ್ಟುಕೊಂಡೇ. ಆಫ್ರಿಕಾದಲ್ಲಿ ನಡೆಯೋ ಕತೆ, ಆದರೆ ಅಲ್ಲಿನವರ ಬಾಯಲ್ಲಿ ಒಂದೆರಡು ಮಾತು ಬಿಟ್ಟರೆ ಏನೂ ಇಲ್ಲ ಅಂದ. ಪುಟ ಎಲ್ಲರ ಮುಂದೂ ಇತ್ತು ಅಣ್ಣ. ಎತ್ತಿ ಹೇಳೋಕೆ ನೈಜೀರಿಯಾದವನೇ ಬರಬೇಕಾಯಿತು.

ದೊಡ್ಡಪ್ಪ: ನೀನು ಇದನ್ನೆಲ್ಲ ಯಾವಾಗ ಓದಿದೆ?

ಅತ್ತೆ: ಲೈಬ್ರರಿ ಕೆಲಸಕ್ಕೆ ಸೇರಿದ್ದು ಬರೀ ಧೂಳು ಹೊಡೆಯೋಕಾ?

ದೊಡ್ಡಪ್ಪ: ಸರಿಯಮ್ಮ. ಪುಟ್ಟೀ, ಓವೆನ್ ಪದ್ಯ ಕಳಿಸು. ಟಿಪ್ಪಣಿ ಗಿಪ್ಪಣಿ ಬೇಡ, ಪದ್ಯ ಮಾತ್ರ.

(ತಂಗಿ ಕಳಿಸಿದಳು. ಒಂದು ಗಂಟೆ ಸದ್ದಿಲ್ಲ.)

ದೊಡ್ಡಪ್ಪ: ಆ ಕರಡಿನ ಫೋಟೋ ಎಲ್ಲಾದರೂ ಸಿಗುತ್ತಾ?